ಕಾನಿನ ನಡುವಿನ ಸಣ್ಣ ಕೆರೆಯಲ್ಲಿ ಮೀನು ಎಷ್ಟಿದೆ, ಗಾಳಕ್ಕೆ ಏನು ಸಿಕ್ಕೀತು?

ಪ್ರಶ್ನೆ: ಹುಲೇಕಲ್ ಕಡೆಯವನು

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ದಾಟಿ ಮುಂದೆ ಹೋದರೆ ಸಿಗುವ ನಮ್ಮ ಊರಿನಲ್ಲಿ, ಒಂದು ಬದಿಗೆ ಕಾನು, ಇನ್ನೊಂದು ಬದಿಗೆ ಸೊಪ್ಪಿನ ಬೆಟ್ಟ ಇರುವ ಒಂದು ಸಣ್ಣ ಕೆರೆಯಿದೆ. ಮಳೆಗಾಲದಲ್ಲಿ ತುಂಬಿದಾಗ ಸುಮಾರು ಎರಡೂವರೆ ಎಕರೆಯಷ್ಟು ನೀರು ಹರಡುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಅದೆಲ್ಲ ತೂಬಿನ ಎದುರಿನ ಗುಂಡಿಯೊಂದಕ್ಕೆ ಇಳಿದು, ಅಲ್ಲಿ ಎದೆಮಟ್ಟದ ನೀರು ಮಾತ್ರ ಉಳಿಯುತ್ತದೆ. ಆರು ವರ್ಷಗಳ ಹಿಂದೆ ಊರವರೇ ಹಣ ಕೂಡಿಸಿ ಹೂಳು ತೆಗೆಸಿದ್ದರಿಂದ ಆ ಗುಂಡಿಯಾದರೂ ಇದೆ, ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಬೇಸಿಗೆಯ ಕೊನೆಗೆ ಇಲ್ಲಿ ಕೆರೆಬೇಟೆ ನಡೆಯುತ್ತಿತ್ತು. ಸುತ್ತಲಿನ ಹಳ್ಳಿಗಳವರು ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ಸಾಲಾಗಿ ನೀರಿಗಿಳಿದರೆ ಮೊಣಕೈ ಉದ್ದದ ಕುಚ್ಚು ಮೀನುಗಳು ಸಿಗುತ್ತಿದ್ದವು ಎಂದು ಅವರು ಈಗಲೂ ಹೇಳುತ್ತಾರೆ. ಈಗ ಮಕ್ಕಳು ಗಾಳ ಹಾಕಿದರೆ ಬರುವುದು ಬೆರಳುದ್ದದ ಪಕ್ಕೆ ಮೀನುಗಳು ಮಾತ್ರ. ಬಾಲದ ಬುಡಕ್ಕಿಂತ ಸ್ವಲ್ಪ ಮುಂದೆ ಒಂದು ಕಪ್ಪು ಚುಕ್ಕೆ ಇರುವ ಜಾತಿಯೇ ಹೆಚ್ಚು. ಕುಚ್ಚು ಇಲ್ಲವೆಂದಲ್ಲ, ಸಂಜೆ ಹೊತ್ತಿಗೆ ಜೊಂಡಿನ ಅಂಚಿನಲ್ಲಿ ನೀರು ಒಮ್ಮೆ ಜೋರಾಗಿ ಚಿಮ್ಮುವುದು ಕೇಳಿಸುತ್ತದೆ, ಆದರೆ ಹಿಡಿದವರು ಕಡಿಮೆ.

ಹೋದ ವರ್ಷ ಜುಲೈ ಮೊದಲ ವಾರದಲ್ಲಿ ನಮ್ಮ ಕೆರೆ ಸಮಿತಿಯವರು ಕಾಟ್ಲಾ, ರೋಹು ಮತ್ತು ಸಾಮಾನ್ಯ ಗೆಂಡೆಯ ಮರಿಗಳನ್ನು ಹಣ ಕೊಟ್ಟು ತಂದು ಬಿಟ್ಟರು. ಮರಿಗಳು ಅರ್ಧ ಬೆರಳಿನಷ್ಟೂ ಇರಲಿಲ್ಲ. ಎಂಟು ದಿನದೊಳಗೆ ಕೋಡಿ ಬಿತ್ತು. ಈ ಮಾರ್ಚ್ ತಿಂಗಳಲ್ಲಿ ಬೀಸುಬಲೆ ಹಾಕಿ ನೋಡಿದಾಗ ಸಿಕ್ಕಿದ್ದು ಹದಿನೇಳು ಗೆಂಡೆಗಳು. ಆಮೇಲೆ ಮೇ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗಿನ ಜಾವ ನಾನು ದಂಡೆಯ ಮೇಲೆ ಹೋದಾಗ, ಉಳಿದಿದ್ದ ಗೆಂಡೆಗಳು ನೀರಿನ ಮೇಲ್ಮೈಗೆ ಬಾಯಿ ತಂದು ಗುಟುಕರಿಸುತ್ತಿದ್ದವು. ಬಿಸಿಲೇರುವಷ್ಟರಲ್ಲಿ ಹೆಚ್ಚಿನವು ಸತ್ತು ತೇಲಿದವು. ಪಕ್ಕೆಗಳೂ ಕೆಲವು ಸತ್ತವು. ಸತ್ತ ಕುಚ್ಚು ಮಾತ್ರ ಒಂದೂ ಕಾಣಲಿಲ್ಲ. ಯಾರೋ ವಿಷ ಹಾಕಿದ್ದಾರೆ ಎಂದು ಊರಿನಲ್ಲಿ ಮಾತು ಹುಟ್ಟಿ, ಎರಡು ಮನೆಯವರ ನಡುವೆ ಇನ್ನೂ ಮಾತುಕತೆ ಇಲ್ಲ.

ಈಗ ಬೆಂಗಳೂರಿನಿಂದ ಊರಿಗೆ ಬಂದುಹೋಗುವ ಕೆಲವು ಯುವಕರು, ವಾರಾಂತ್ಯದಲ್ಲಿ ಗಾಳ ಹಾಕಲು ಬರುವವರಿಂದ ಶುಲ್ಕ ಪಡೆದರೆ ಕೆರೆಯ ನಿರ್ವಹಣೆಗೆ ಹಣವಾಗುತ್ತದೆ ಎನ್ನುತ್ತಿದ್ದಾರೆ. ಅದಕ್ಕೆ ಮುಂಚೆ ಕೆರೆಯಲ್ಲಿ ನಿಜವಾಗಿ ಎಷ್ಟು ಮೀನಿದೆ ಎಂದು ತಿಳಿಯುವ ದಾರಿಯಿದೆಯೇ? ಮತ್ತೆ ಮರಿ ಬಿಡಬೇಕೇ? ಮೇ ತಿಂಗಳಲ್ಲಿ ಮೀನು ಸತ್ತದ್ದು ಏಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಡಿಬಾಗದಲ್ಲಿ ಓದಿದವಳು

ನಾನು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗದಲ್ಲಿ ಓದಿದವಳು. ಕಡಲಿನ ಮೀನು ಬೇರೆ, ಕೆರೆಯ ಮೀನು ಬೇರೆ ಎನ್ನುವುದು ನಿಜವಾದರೂ ನೀರಿನಲ್ಲಿ ಕರಗಿರುವ ಆಮ್ಲಜನಕದ ಲೆಕ್ಕ ಎರಡೂ ಕಡೆ ಒಂದೇ ಆಗಿರುವುದರಿಂದ, ಮೊದಲು ತಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಎರಡು ಮನೆಯವರ ಜಗಳ ಅದರಿಂದ ತಿಳಿಯಾದರೆ ಒಳ್ಳೆಯದೇ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಹಗಲು ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕವನ್ನು ಉಂಟುಮಾಡುತ್ತವೆ. ರಾತ್ರಿ ಅವೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಅದು ತೀರ ತಳ ಮುಟ್ಟಿರುತ್ತದೆ. ತಮ್ಮ ಕೆರೆಯ ಸುತ್ತ ಕಾನು ಇದೆ ಎಂದಿದ್ದೀರಿ. ಬೇಸಿಗೆಯಿಡೀ ಉದುರಿದ ತರಗೆಲೆ ನೆಲದ ಮೇಲೆ ಬಿದ್ದಿದ್ದು, ಮೊದಲ ದೊಡ್ಡ ಮಳೆಗೆ ಒಮ್ಮೆಲೇ ಕೊಚ್ಚಿಕೊಂಡು ಬಂದು ಆ ಎದೆಮಟ್ಟದ ಗುಂಡಿಗೆ ಸೇರುತ್ತದೆ. ಅದು ಕೊಳೆಯಲು ತೊಡಗಿದ ಕೂಡಲೇ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಸಾಲದ್ದಕ್ಕೆ ಮಳೆಯ ತಣ್ಣನೆಯ ನೀರು ಕೆಳಕ್ಕಿಳಿದು, ತಳದ ಕೆಸರಿನ ಮೇಲೆ ನಿಂತಿದ್ದ ಕೆಟ್ಟ ನೀರನ್ನು ಮೇಲಕ್ಕೆ ಕಲಕುತ್ತದೆ. ಇವೆಲ್ಲ ಒಂದೇ ರಾತ್ರಿಯಲ್ಲಿ ಕೂಡಿಬಂದರೆ ಬೆಳಗಾಗುವಾಗ ಮೀನು ಮೇಲೆ ಬಂದು ಗುಟುಕರಿಸುತ್ತದೆ.

ಕುಚ್ಚು ಸಾಯದೇ ಇದ್ದುದೇ ಇದಕ್ಕೆ ಸಾಕ್ಷಿ. ಕೆಲವರು ಕೊರವ ಎಂದೂ ಕರೆಯುವ ಆ ಮೀನಿಗೆ ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯನ್ನು ನೇರವಾಗಿ ಹೀರುವ ಅಂಗವಿದೆ; ಮುಗುಡು ಮತ್ತು ಚೇಳು ಮೀನುಗಳಿಗೂ ಇದೇ ರೀತಿಯ ಏರ್ಪಾಡು ಇದೆ. ಕಾರೆಕಾಯಿ ಅರೆದು ಹಾಕಿದ್ದರೆ, ಅಥವಾ ಬೇರೆ ಯಾವುದೇ ವಿಷವಾಗಿದ್ದರೆ, ಗೆಂಡೆ ಸತ್ತು ಕುಚ್ಚು ಪೂರ್ತಿಯಾಗಿ ಪಾರಾಗುವುದು ಕಷ್ಟವಿತ್ತು.

ಮರಿಗಳ ವಿಷಯಕ್ಕೆ ಬಂದರೆ, ಕಾಟ್ಲಾ ಮತ್ತು ರೋಹು ಹೊಳೆಯ ಮೀನುಗಳು. ಹರಿಯುವ ಪ್ರವಾಹದ ನೀರಿಲ್ಲದೆ ಅವು ಮೊಟ್ಟೆ ಇಡುವುದಿಲ್ಲ. ನಿಂತ ನೀರಿನಲ್ಲಿ ಬೆಳೆದ ತಾಯಿಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸುವ ವಿಧಾನವನ್ನು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಸಾಧಿಸಿ ತೋರಿಸಿದ ಮೇಲೆಯೇ ನಮ್ಮ ದೇಶದಲ್ಲಿ ಮರಿ ಮಾರುವ ಉದ್ಯಮ ಬೆಳೆಯಿತು. ಈಗಲೂ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಹಾಗಾಗಿ ತಮ್ಮ ಕೆರೆಯಲ್ಲಿ ಆ ಜಾತಿಗಳು ಎಷ್ಟು ವರ್ಷ ಇದ್ದರೂ ಸಂತಾನವಾಗುವುದಿಲ್ಲ, ಪ್ರತಿವರ್ಷವೂ ಹಣ ಕೊಟ್ಟು ತರಬೇಕು. ಅರ್ಧ ಬೆರಳಿನ ಮರಿಯನ್ನು ಕೋಡಿ ಬೀಳುವ ಮುನ್ನ ಬಿಡುವುದೆಂದರೆ ಕೆಳಗಿನ ಹಳ್ಳಕ್ಕೆ ಬಿಟ್ಟಂತೆಯೇ. ಬಿಡಲೇಬೇಕೆಂದಿದ್ದರೆ ಸೆಪ್ಟೆಂಬರಿನಲ್ಲಿ ಕೋಡಿಯ ನೀರು ಇಳಿದ ಮೇಲೆ, ಬೆರಳುದ್ದಕ್ಕೆ ಬೆಳೆದ ಮರಿಗಳನ್ನು, ಕೋಡಿಗೆ ಬಿದಿರಿನ ತಟ್ಟಿ ಕಟ್ಟಿ ಬಿಡಿ. ಆದರೆ ಮೇ ತಿಂಗಳಲ್ಲಿ ಅವು ಮತ್ತೆ ಅದೇ ಗುಂಡಿಯಲ್ಲಿ ಸಿಕ್ಕಿಬೀಳುತ್ತವೆ ಎಂಬುದನ್ನು ಮರೆಯಬೇಡಿ.

ಉತ್ತರ: ತೋಟಿಗ

ಒಂದೇ ಒಂದು ವಿಷಯ ಕೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ತಮ್ಮ ಊರವರು ಡ್ರಮ್ಮು ಮತ್ತು ಪಂಪನ್ನು ಎಲ್ಲಿ ತೊಳೆಯುತ್ತಾರೆ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಕಲಸುವ ಆ ದ್ರಾವಣದಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮ ಜಂಬಿಟ್ಟಿಗೆ ನೆಲದ ಕೆರೆಗಳಲ್ಲಿ ಸುಣ್ಣದ ಅಂಶ ಕಡಿಮೆ ಇದ್ದು ನೀರು ಮೆದುವಾಗಿರುವುದರಿಂದ ಅದರ ಪರಿಣಾಮ ಇನ್ನೂ ತೀವ್ರ. ದೊಡ್ಡ ಮೀನು ತಕ್ಷಣ ಸತ್ತು ತೇಲದಿದ್ದರೂ, ಮೊಟ್ಟೆ ಮತ್ತು ಎಳೆಮರಿಗಳು ಸತ್ತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಚ್ಚು ಮರಿ ಮಾಡುವುದೂ ಜೂನ್, ಜುಲೈ ತಿಂಗಳಲ್ಲಿ, ನಾವು ಔಷಧಿ ಹೊಡೆಯುವುದೂ ಅದೇ ಹೊತ್ತಿಗೆ. ನಮ್ಮ ಊರಿನಲ್ಲಿ ಕೆರೆಯ ಮೆಟ್ಟಿಲ ಮೇಲೆಯೇ ಡ್ರಮ್ಮು ತೊಳೆಯುವ ರೂಢಿ ಇತ್ತು, ನಾನೂ ತೊಳೆದವನೇ. ನೀರು ತಿಳಿನೀಲಿಯಾಗಿ ಹರಡುತ್ತ ಹೋಗುವುದನ್ನು ನೋಡುತ್ತ ನಿಂತದ್ದು ಈಗಲೂ ನೆನಪಿದೆ.

ಉತ್ತರ: ಸಿದ್ದಾಪುರದ ಹಳೆಯ ಗಾಳಗಾರ

ಕೋಡಿಬಾಗದ ತಂಗಿ ಬರೆದಿರುವುದರಲ್ಲಿ ತಪ್ಪಿಲ್ಲ, ಆದರೆ ಮರಿ ಬಿಡುವ ಮಾತನ್ನು ಅವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಬೇಡವೆನ್ನಬೇಕಿತ್ತು ಎಂದು ನನಗನ್ನಿಸುತ್ತದೆ. ಐವತ್ತು ವರ್ಷದಿಂದ ಈ ಸೀಮೆಯ ಕೆರೆ, ಹಳ್ಳ, ಹೊಳೆಗಳಲ್ಲಿ ಗಾಳ ಹಾಕಿದವನು ನಾನು. ಇಂಥ ಎರಡೂವರೆ ಎಕರೆಯ ಕಾಡುಕೆರೆಯ ಮೀನೆಂದರೆ ಕುಚ್ಚು, ಮುಗುಡು, ಚೇಳು ಮೀನು, ಪಕ್ಕೆ, ಹಾವು ಮೀನು ಇಷ್ಟೇ. ಕೆರೆಯಲ್ಲಿ ಮೊದಲಿನಿಂದ ಇರುವ ಇವು ಹಣ ಕೇಳುವುದಿಲ್ಲ, ಮೇ ತಿಂಗಳ ಗುಂಡಿಯಲ್ಲೂ ಬದುಕುತ್ತವೆ. ಕಾಟ್ಲಾ ಬೇಕಿದ್ದವರು ದೊಡ್ಡ ಕೆರೆಯ ಕಡೆ ಹೋಗಲಿ.

ತಮ್ಮ ಕೆರೆಯಲ್ಲಿ ಕುಚ್ಚು ಏಕೆ ಕಡಿಮೆಯಾಯಿತು ಎಂಬುದನ್ನು ಹೇಳಬೇಕೆಂದರೆ, ಆ ಮೀನು ಮರಿ ಸಾಕುವ ಬಗೆಯನ್ನು ತಿಳಿದಿರಬೇಕು. ಮಳೆ ಹಿಡಿದು ಹತ್ತು ಹದಿನೈದು ದಿನವಾದ ಮೇಲೆ ಜೊಂಡಿನ ನಡುವೆ, ಮೊಣಕಾಲುದ್ದದ ನೀರಿನಲ್ಲಿ, ಗಂಡು ಹೆಣ್ಣು ಎರಡೂ ಸೇರಿ ಹುಲ್ಲು ಸರಿಸಿ ಜಾಗ ಮಾಡುತ್ತವೆ. ಮೊಟ್ಟೆ ತೇಲುತ್ತವೆ. ಮರಿಯಾದ ಮೇಲೆ ಅವು ಒಂದೇ ಗುಂಪಾಗಿ, ಕೆಂಪು ಕೆಂಪಾಗಿ, ನೀರಿನ ಮೇಲೆ ಎಸರು ಕುದಿದ ಹಾಗೆ ಕುದಿಯುತ್ತ ಸಾಗುತ್ತವೆ. ದಂಡೆಯ ಮೇಲೆ ಸುಮ್ಮನೆ ಕುಳಿತು ನೋಡಿದರೆ ಅಂಗೈಯಗಲದ ಆ ಕೆಂಪು ಗುಂಪು ಒಮ್ಮೆ ಮುಳುಗುತ್ತದೆ, ಒಂದಿಷ್ಟು ಹೊತ್ತಿಗೆ ಎರಡು ಮಾರು ಆಚೆ ಮತ್ತೆ ಏಳುತ್ತದೆ. ಅದರ ಕೆಳಗೆ ತಾಯಿ ತಂದೆ ಇದ್ದೇ ಇರುತ್ತವೆ. ಕಪ್ಪೆ ಹಾದರೂ ಸರಿ, ನೀರುಹಾವು ಹಾದರೂ ಸರಿ, ಮೇಲೆರಗುತ್ತವೆ. ಗಾಳದವರಿಗೆ ಇದು ಚೆನ್ನಾಗಿ ಗೊತ್ತು. ಆ ಗುಂಪಿನ ಮೇಲೆ ಒಂದು ಮರಿಗಪ್ಪೆ ಕಟ್ಟಿದ ಗಾಳ ಎಳೆದರೆ ಸಾಕು, ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ಎರಡು ಎಸೆತಕ್ಕೆ ಎರಡೂ ಸಿಗುತ್ತವೆ. ಕಾವಲಿಲ್ಲದ ಮರಿಗಳನ್ನು ಪಕ್ಕೆಗಳು ಮತ್ತು ನೀರುಕಾಗೆಗಳು ಮುಗಿಸುತ್ತವೆ. ಹೀಗೆ ಹಿಡಿದ ಒಂದು ಜೋಡಿಯ ಲೆಕ್ಕ ಎರಡು ಮೀನಲ್ಲ, ಇಡೀ ಒಂದು ವರ್ಷದ ಪೀಳಿಗೆ.

ನಾನೂ ಪ್ರಾಯದಲ್ಲಿ ಹೀಗೆ ಹಿಡಿದವನು. ಒಂದೇ ಆಷಾಢದಲ್ಲಿ ನಮ್ಮ ಮನೆಯ ಹಿಂದಿನ ಕೆರೆಯಿಂದ ಮೂರು ಜೋಡಿ ತೆಗೆದೆ, ಬಾಂಧವರೆಲ್ಲ ಹೊಗಳಿದರು. ಮುಂದಿನ ನಾಲ್ಕು ವರ್ಷ ಆ ಕೆರೆಯಲ್ಲಿ ಕುಚ್ಚಿನ ಸದ್ದೇ ಇರಲಿಲ್ಲ. ಆಗ ನನಗೆ ಕಾರಣ ಹೊಳೆಯಲಿಲ್ಲ, ಹೂಳು ತುಂಬಿದ್ದಕ್ಕೆ ಹೀಗಾಯಿತು ಎಂದುಕೊಂಡಿದ್ದೆ.

ಇನ್ನು ಮಳೆಗಾಲದ ಮೊದಲ ಹೊನಲಿಗೆ ಮೇಲೇರುವ ಹತ್ತುಮೀನಿನ ಕಥೆ. ತಮ್ಮ ಕೋಡಿಯ ಕೆಳಗಿನ ಹಳ್ಳದಿಂದ ಪಕ್ಕೆ, ಮುಗುಡುಗಳು ಗದ್ದೆಯ ಕಾಲುವೆ ಹಿಡಿದು ಮೇಲೆ ಬರುತ್ತವೆ. ರಾತ್ರಿ ದೀಪ, ಕತ್ತಿ ಹಿಡಿದು ಹೋಗಿ ಕಡಿಯುವುದು ನಮ್ಮ ಸೀಮೆಯ ಹಬ್ಬದಂಥ ರೂಢಿ. ಪೂರ್ತಿ ನಿಲ್ಲಿಸಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುತ್ತದೆ ಎಂಬುದು ಕೊಯ್ದವರಿಗೆಲ್ಲ ಗೊತ್ತು. ಕೋಡಿಯ ಬಾಯಿಗೆ ಅಡ್ಡಲಾಗಿ ಬುಟ್ಟಿ ಇಡುವುದನ್ನಾದರೂ ಬಿಟ್ಟರೆ ಒಂದಿಷ್ಟು ಮೀನು ಕೆರೆ ಸೇರುತ್ತವೆ. ಹಾಗಾಗಿ ತಟ್ಟಿ ಕಟ್ಟುವ ಸಲಹೆಗೂ ನನ್ನ ಒಪ್ಪಿಗೆಯಿಲ್ಲ: ಅದು ಗೆಂಡೆಯ ಮರಿಯನ್ನು ಒಳಗೆ ತಡೆಯುವುದರ ಜೊತೆಗೆ, ಹೊರಗಿನಿಂದ ಬರುವ ನಮ್ಮ ಮೀನನ್ನೂ ಹೊರಗೇ ತಡೆಯುತ್ತದೆ.

ಗಾಳಕ್ಕೆ ಏನು ಸಿಕ್ಕೀತು ಎಂದು ಕೇಳಿದ್ದೀರಿ. ನವೆಂಬರಿನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿರುವಾಗ ವಾಟೆಯ ಕೋಲು, ಸಣ್ಣ ಬೆಂಡು, ಗೊಬ್ಬರಗುಂಡಿಯ ಎರೆಹುಳು ಇದ್ದರೆ ಪಕ್ಕೆ ಎಷ್ಟು ಬೇಕಾದರೂ ಸಿಗುತ್ತದೆ. ಮುಗುಡು ಕತ್ತಲಾದ ಮೇಲೆ, ತಳಕ್ಕೆ ಬಿಟ್ಟ ಗಾಳಕ್ಕೆ ಬರುತ್ತದೆ. ಚೇಳು ಮೀನನ್ನು ಗಾಳದಿಂದ ಬಿಡಿಸುವಾಗ ಎಚ್ಚರ ಇರಲಿ, ಅದರ ಪಕ್ಕದ ಮುಳ್ಳು ಚುಚ್ಚಿದರೆ ರಾತ್ರಿಯಿಡೀ ನಿದ್ದೆಯಿಲ್ಲ. ಕುಚ್ಚಿಗೆ ಮಾರ್ಚ್ ತಿಂಗಳೇ ಸರಿ, ಬೆಳಗ್ಗೆ ಬಿಸಿಲೇರುವ ಮುನ್ನ ಅಥವಾ ಸಂಜೆ. ಅದೂ ದಿನಕ್ಕೆ ಒಂದು ಸಿಕ್ಕರೆ ಅದೃಷ್ಟ. ಬೆಂಗಳೂರಿನಿಂದ ಬರುವವರು ಇದಕ್ಕೆ ಶುಲ್ಕ ಕೊಡುತ್ತಾರೋ ಇಲ್ಲವೋ ನಾನರಿಯೆ.

ಉತ್ತರ: ಶಿರಸಿಯವನು, ಸದ್ಯ ಫಿನ್ಲೆಂಡ್

ನಾನು ಹುಟ್ಟಿ ಬೆಳೆದದ್ದು ಶಿರಸಿಯ ದೇವಿಕೆರೆಯ ಹತ್ತಿರ. ಉದ್ಯೋಗದ ನಿಮಿತ್ತ ಒಂಬತ್ತು ವರ್ಷಗಳಿಂದ ಫಿನ್ಲೆಂಡಿನಲ್ಲಿದ್ದೇನೆ. ಇಲ್ಲಿ ಸಣ್ಣಪುಟ್ಟವೂ ಸೇರಿ ಸುಮಾರು 1,88,000 ಸರೋವರಗಳನ್ನು ಲೆಕ್ಕ ಮಾಡಿದ್ದಾರೆ. ಅವುಗಳಲ್ಲಿ ಕಾಡಿನ ನಡುವಿನ ಸಣ್ಣವು ತಮ್ಮ ಕೆರೆಯನ್ನು ಬಹಳ ಹೋಲುತ್ತವೆ. ಜೌಗು ನೆಲದಿಂದ ಬಸಿದು ಬರುವ ನೀರು ಹಾಲಿಲ್ಲದ ಚಹಾದ ಬಣ್ಣಕ್ಕಿರುತ್ತದೆ, ಬೆಳಕು ಆಳಕ್ಕೆ ಇಳಿಯುವುದಿಲ್ಲ, ಆದ್ದರಿಂದ ಮೀನಿಗೆ ಆಹಾರವೂ ಕಡಿಮೆ. ಮೀನಿನ ಜಾತಿಗಳೂ ಬೆರಳೆಣಿಕೆಯಷ್ಟು: ಪರ್ಚ್, ಪೈಕ್, ರೋಚ್. ನೀರು ತೀರ ಹುಳಿಯಾದಲ್ಲಿ ರೋಚ್ ಕೂಡ ನಿಲ್ಲುವುದಿಲ್ಲ, ಪರ್ಚ್ ಮಾತ್ರ ಉಳಿಯುತ್ತದೆ.

ಕೋಡಿಬಾಗದ ಸಹೋದರಿ ವಿವರಿಸಿದ ಮೇ ತಿಂಗಳ ಸಂಕಟ ಇಲ್ಲಿ ಚಳಿಗಾಲದ ಕೊನೆಗೆ ಬರುತ್ತದೆ. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿ ತಳಕ್ಕಿಳಿಯುವುದರಿಂದ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಮೇಲೆ ಹಿಮ ಕೂತು ಬೆಳಕು ನಿಲ್ಲುತ್ತದೆ, ಕೆಳಗೆ ಎಲೆ ಕೊಳೆಯುವುದು ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಗಾಳಿಯ ಸಂಪರ್ಕವಿಲ್ಲದೆ, ಆಳವಿಲ್ಲದ ಸಣ್ಣ ಕೆರೆಗಳಲ್ಲಿ ಮೀನು ಉಸಿರುಕಟ್ಟಿ ಸಾಯುವುದುಂಟು. ಅಲ್ಲಿ ಬಿಸಿಲು, ಇಲ್ಲಿ ಮಂಜು. ಆದರೆ ಸಣ್ಣ ಕೆರೆಯಲ್ಲಿ ಎಷ್ಟು ಮೀನು ಉಳಿಯುತ್ತದೆ ಎಂದು ತೀರ್ಮಾನಿಸುವುದು ಎರಡೂ ಕಡೆ ವರ್ಷದ ಅತಿ ಕೆಟ್ಟ ತಿಂಗಳೇ. ಆಗಸ್ಟಿನ ಎರಡೂವರೆ ಎಕರೆ ನೋಡಿ ಮರಿ ಬಿಡುವ ಬದಲು, ಮೇ ತಿಂಗಳ ಗುಂಡಿಯನ್ನು ಅಳೆದು ಯೋಚಿಸಿ.

ಇಲ್ಲಿನ ಇನ್ನೊಂದು ಅನುಭವ ತಮ್ಮ ಪಕ್ಕೆಗಳಿಗೆ ಸಂಬಂಧಿಸಿದ್ದು. ಪೈಕ್‌ನಂಥ ಬೇಟೆಯ ಮೀನು ಇಲ್ಲದ ಕಾಡುಕೆರೆಗಳಲ್ಲಿ ಪರ್ಚ್ ಲೆಕ್ಕವಿಲ್ಲದಷ್ಟು ಹೆಚ್ಚಿ, ಇರುವ ಆಹಾರವನ್ನು ಎಲ್ಲವೂ ಹಂಚಿಕೊಂಡು, ಯಾವುದೂ ಬೆಳೆಯದೆ ಕುಳ್ಳಾಗಿ ಉಳಿಯುತ್ತವೆ. ನಾನು ಮೊದಲ ವರ್ಷ ಮಂಜುಗಡ್ಡೆಗೆ ತೂತು ಕೊರೆದು ಹಿಡಿದ ಪರ್ಚ್‌ಗಳು ಅಂಗೈಗಿಂತ ಉದ್ದವಿರಲಿಲ್ಲ. ಮರಿಗಳೆಂದುಕೊಂಡು ನೀರಿಗೆ ಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ತಾವು ಹಿಡಿದದ್ದೊಂದರ ಕಿವಿರಿನ ಮುಚ್ಚಳದ ಎಲುಬನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಮರದ ಕೊರಡಿನಲ್ಲಿರುವಂಥ ಉಂಗುರಗಳು. ಎಣಿಸಿದರೆ ಏಳು. ಅಂದರೆ ಏಳು ಚಳಿಗಾಲ ಕಂಡ ಮೀನು. ಇಂಥ ಕೆರೆಗಳಲ್ಲಿ ಸಣ್ಣವನ್ನೇ ಹೆಚ್ಚು ಹಿಡಿದು ತೆಗೆದು, ದೊಡ್ಡದನ್ನು ನೀರಿಗೆ ಬಿಡುವುದು ರೂಢಿ. ದೊಡ್ಡ ಪರ್ಚ್ ಸಣ್ಣದನ್ನು ತಿನ್ನುತ್ತದೆ. ತಮ್ಮ ಕೆರೆಯಲ್ಲಿ ಆ ಬೇಟೆಯ ಮೀನಿನ ಸ್ಥಾನದಲ್ಲಿರುವುದು ಕುಚ್ಚು. ಕುಚ್ಚು ಕಡಿಮೆಯಾದದ್ದರಿಂದಲೇ ಪಕ್ಕೆ ಹೆಚ್ಚಾಗಿರಬಹುದು. ಮಕ್ಕಳು ಪಕ್ಕೆಯನ್ನು ಎಷ್ಟು ಹಿಡಿದರೂ ಹಿಡಿಯಲಿ, ಕುಚ್ಚನ್ನು ಒಂದೆರಡು ವರ್ಷ ಮುಟ್ಟದಿರಿ ಎಂದು ನನ್ನ ಸಲಹೆ.

ಎಣಿಕೆಗೆ ಒಂದು ಹಳೆಯ ಉಪಾಯವಿದೆ. ಡೆನ್ಮಾರ್ಕಿನ ವಿಜ್ಞಾನಿ ಪೀಟರ್‌ಸನ್ ಅವರ ಹೆಸರಿನಿಂದ ಕರೆಯುವ ಈ ವಿಧಾನದಲ್ಲಿ, ಬೀಸುಬಲೆಯಿಂದ ಹಿಡಿದ ಮೀನುಗಳ ಹೊಟ್ಟೆಯ ಬದಿಯ ಒಂದು ರೆಕ್ಕೆಯ ತುದಿಯನ್ನು ಸಣ್ಣ ಕತ್ತರಿಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ ಬಿಡುತ್ತಾರೆ. ಒಂದು ವಾರ ಕಳೆದ ಮೇಲೆ ಮತ್ತೆ ಹಿಡಿದು, ಗುರುತು ಇರುವವು ಎಷ್ಟು ಎಂದು ನೋಡುತ್ತಾರೆ. ಉದಾಹರಣೆಗೆ, ಮೊದಲ ಸಲ 40 ಮೀನಿಗೆ ಗುರುತು ಹಾಕಿ, ಎರಡನೆಯ ಸಲ ಸಿಕ್ಕ 50ರಲ್ಲಿ 8ಕ್ಕೆ ಗುರುತು ಇದ್ದರೆ, 40ನ್ನು 50ರಿಂದ ಗುಣಿಸಿ 8ರಿಂದ ಭಾಗಿಸಿದಾಗ ಬರುವ 250 ಕೆರೆಯ ಅಂದಾಜು ಸಂಖ್ಯೆ. ಆದರೆ ಒಂದೊಂದು ಜಾತಿಗೂ ಬೇರೆ ಬೇರೆ ಎಣಿಸಬೇಕು. ಕೋಡಿ ನಿಂತ ಮೇಲೆ, ಮರಿಯಾಗುವ ಕಾಲಕ್ಕೆ ಮುಂಚೆ, ಅಂದರೆ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಬೇಕು. ಗಾಳದಿಂದ ಹಿಡಿದ ಲೆಕ್ಕ ಇದಕ್ಕೆ ಅಷ್ಟು ಒಗ್ಗದು, ಒಮ್ಮೆ ಗಾಳ ಕಚ್ಚಿದ ಮೀನು ಎರಡನೆಯ ಸಲ ಹುಷಾರಾಗಿರುತ್ತದೆ.

ಬಲೆಯ ಕೆಲಸ ಕಷ್ಟವೆನಿಸಿದರೆ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಗಾಳ, ಎಷ್ಟು ತಾಸು, ಯಾವ ಮೀನು, ಎಷ್ಟು ಉದ್ದ ಎಂದು ಗಾಳ ಹಾಕುವವರೆಲ್ಲ ಬರೆದರೆ, ಒಂದು ತಾಸಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಎರಡು ಮೂರು ವರ್ಷದಲ್ಲಿ ಕೆರೆಯ ಏರಿಳಿತವನ್ನು ತೋರಿಸುತ್ತದೆ. ಏನೂ ಸಿಗದ ದಿನವನ್ನೂ ಬರೆಯಬೇಕು, ಜನ ಅದನ್ನೇ ಬಿಡುತ್ತಾರೆ. ನೀರಿನ ತಿಳಿ ಅಳೆಯಲು 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು, ಭಾರ ಕಟ್ಟಿ, ಅದು ಕಣ್ಮರೆಯಾಗುವ ಆಳವನ್ನು ದಾರದಲ್ಲಿ ಗುರುತಿಸಿದರೆ ಸಾಕು. ಇಟಲಿಯ ಸೆಕ್ಕಿ ಎಂಬವರು 1865ರಲ್ಲಿ ಬಳಕೆಗೆ ತಂದ ಈ ತಟ್ಟೆಯನ್ನು ಇಲ್ಲಿ ಶಾಲೆಯ ಮಕ್ಕಳೂ ಇಳಿಬಿಡುತ್ತಾರೆ.

ಉತ್ತರ: ಹುಲೇಕಲ್ ಕಡೆಯವನು

ಎಲ್ಲರಿಗೂ ಧನ್ಯವಾದ. ತೋಟಿಗರ ಪ್ರಶ್ನೆಗೆ ಉತ್ತರ ಬರೆಯಲು ಸಂಕೋಚವಾಗುತ್ತದೆ: ನಮ್ಮಲ್ಲಿ ಡ್ರಮ್ಮು ತೊಳೆಯುವುದು ತೂಬಿನ ಪಕ್ಕದಲ್ಲಿಯೇ, ಅಂದರೆ ಆ ಗುಂಡಿಯ ನೆತ್ತಿಯ ಮೇಲೆ. ಮೊನ್ನೆ ಸಮಿತಿಯ ಸಭೆಯಲ್ಲಿ ಈ ಉತ್ತರಗಳನ್ನು ಓದಿ ಹೇಳಿದೆ. ತೊಳೆಯುವ ಜಾಗವನ್ನು ಕೆರೆಯ ಕೆಳಗಿನ ತೋಟದ ಮೂಲೆಗೆ ಒಯ್ಯಲು ಯಾರೂ ಅಡ್ಡಿ ಹೇಳಲಿಲ್ಲ. ವಿಷದ ಆಪಾದನೆ ಹೊತ್ತ ಮನೆಯವರೂ ಸಭೆಗೆ ಬಂದಿದ್ದರು. ಕುಚ್ಚು ಏಕೆ ಸಾಯಲಿಲ್ಲ ಎಂಬ ಭಾಗವನ್ನು ಎರಡನೆಯ ಸಲ ಓದಿಸಿದರು.

ಈ ವರ್ಷ ಮರಿ ಬಿಡುವುದಿಲ್ಲ ಎಂದು ತೀರ್ಮಾನವಾಗಿದೆ. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಕುಚ್ಚಿಗೆ ಗಾಳ ಹಾಕುವಂತಿಲ್ಲ. ಪಕ್ಕೆಗೆ ಮಕ್ಕಳು ಎಂದಿನಂತೆ ಹಾಕಬಹುದು. ಶುಲ್ಕದ ಗಾಳದ ವಿಷಯದಲ್ಲಿ ಒಮ್ಮತ ಬಂದಿಲ್ಲ. ಹಿಡಿದು ಬಿಡುವ ಪದ್ಧತಿಯಾದರೆ ಒಂದು ವಾರಾಂತ್ಯಕ್ಕೆ ನಾಲ್ಕು ಗಾಳ ಸಾಕು ಎಂದು ನನ್ನ ಅಭಿಪ್ರಾಯ. ಇದಕ್ಕೆ ಯಾರ ಅನುಮತಿ ಬೇಕು ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕೋಡಿಬಾಗದಲ್ಲಿ ಓದಿದವಳು

ಮೊದಲು ಕೆರೆಯ ಪಹಣಿ ತೆಗೆಸಿ ನೋಡಿ. ಸಣ್ಣ ಕೆರೆಗಳು ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ವಶದಲ್ಲಿರುತ್ತವೆ. ಹಾಗಿದ್ದರೆ ಮೀನು ಹಿಡಿಯುವ ಹಕ್ಕನ್ನು ಯಾರಿಗಾದರೂ ಗುತ್ತಿಗೆ ಕೊಟ್ಟಿದ್ದಾರೆಯೇ ಎಂದು ಅಲ್ಲಿಯೇ ವಿಚಾರಿಸಬೇಕು. ಕೆರೆಯೋ ಅದರ ಒಂದು ಭಾಗವೋ ಮೀಸಲು ಅರಣ್ಯದ ಗಡಿಯೊಳಗೆ ಬಂದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಳವನ್ನೂ ಹಾಕುವಂತಿಲ್ಲ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೊಂದಿದೆ, ತಾಲೂಕಿನ ಮೀನುಗಾರಿಕೆ ಇಲಾಖೆಯವರು ಅದರ ವಿವರ ಹೇಳುತ್ತಾರೆ. ವಿಷ ಅಥವಾ ಸ್ಫೋಟಕ ಹಾಕಿ ಮೀನು ಹಿಡಿಯುವುದಂತೂ 1897ರ ಕಾಯ್ದೆಯಿಂದಲೇ ಅಪರಾಧ.

ಹಿಡಿದು ಬಿಡುವುದಾದರೆ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಸಿ, ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಲು ಹೇಳಿ. ಒಣಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಅಲ್ಲಿ ಬೂಸ್ಟು ಹಿಡಿಯುತ್ತದೆ. ತಟ್ಟಿಯ ವಿಷಯದಲ್ಲಿ ಸಿದ್ದಾಪುರದ ಹಿರಿಯರು ಹೇಳಿದ್ದೇ ಸರಿ, ಹತ್ತುಮೀನಿನ ಕಡೆ ನನ್ನ ಗಮನ ಹೋಗಿರಲಿಲ್ಲ.

ಉತ್ತರ: ಸಿದ್ದಾಪುರದ ಹಳೆಯ ಗಾಳಗಾರ

ಒಂದು ಮಾತು ಸೇರಿಸುತ್ತೇನೆ. ಯಾರಾದರೂ ಉಪಕಾರ ಮಾಡುವ ನೆಪದಲ್ಲಿ ಜಿಲೇಬಿ ಮೀನನ್ನೋ ಆಫ್ರಿಕಾದ ದೊಡ್ಡ ಮುಗುಡನ್ನೋ ತಂದು ಸುರಿಯದಂತೆ ನೋಡಿಕೊಳ್ಳಿ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಜಿಲೇಬಿ ಒಂದು ಸಲ ಕೆರೆ ಹೊಕ್ಕರೆ ಹೊರಗೆ ಹಾಕುವುದು ಅಸಾಧ್ಯ. ಆಫ್ರಿಕಾದ ಮುಗುಡಿನ ಸಾಕಣೆಗೆ ನಿಷೇಧವಿದ್ದರೂ ಸಂತೆಯಲ್ಲಿ ಜೀವಂತ ಸಿಗುತ್ತದೆ. ಬರುವ ಮಾರ್ಚ್ ತಿಂಗಳಲ್ಲಿ ಗುರುತು ಹಾಕುವ ಕೆಲಸಕ್ಕೆ ಜನ ಬೇಕಾದರೆ ತಿಳಿಸಿ. ಬೀಸುಬಲೆ ನನ್ನದೇ ಇದೆ, ಕತ್ತರಿ ಮಾತ್ರ ತಾವು ತನ್ನಿ.